ಬಾನೆಟ್ಟಿನೊಳಗಿನ ಕೆಂಪು ಗಂಟು

ಫೆಬ್ರವರಿ 3, 2008, ಭಾನುವಾರ

ಗಾಡಿ ಬಂತು. ಗೌನಿಪಲ್ಲಿಯ ಮಾವಿನ ತೋಟದ ಚನ್ನರಾಯಪ್ಪನವರು ಎರಡು ವರ್ಷ ಓಡಿಸಿದ ದೊಡ್ಡ ಡೀಸೆಲ್ ಗಾಡಿ. ಹಿಂದಿನ ಸೀಟಿನಲ್ಲಿ ಅಮ್ಮ ಕಾಲು ಚಾಚಿ ಮಲಗಬಹುದು. ಕೊಂಡದ್ದೇ ಅದಕ್ಕೆ. ಪ್ರತಿ ಮಂಗಳವಾರ, ಶುಕ್ರವಾರ ಮುಳಬಾಗಿಲಿನಿಂದ ಕೋಲಾರದ ಆಸ್ಪತ್ರೆಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಂಡು ಬರಬೇಕು. ಹೋಗುವಾಗ ಬಸ್ಸಿನಲ್ಲಿ ಹೇಗೋ ಕೂರುತ್ತಾಳೆ. ಬರುವಾಗ ಬಿ.ಪಿ. ಇಳಿದು ತಲೆ ನಿಲ್ಲುವುದಿಲ್ಲ. ಬಾಡಿಗೆ ಕಾರಿನವರಿಗೆ ಒಂದು ಮದುವೆ ಸಿಕ್ಕರೆ ಸಾಕು, ನಮ್ಮ ನೆನಪೇ ಇರುವುದಿಲ್ಲ.

ಬಾನೆಟ್ ಎತ್ತಿದರೆ ಬ್ಯಾಟರಿಯ ಪಕ್ಕ ಒಂದು ಕೆಂಪು ಬಟ್ಟೆಯ ಗಂಟು. ಬೆಲ್ಲದ ಅಚ್ಚಿನಷ್ಟು ಗಾತ್ರ. ಅರಿಶಿನ, ಕುಂಕುಮ, ಒಣಗಿದ ಮಲ್ಲಿಗೆ, ಸುತ್ತ ಹಳದಿ ದಾರ. ಟೇಪು ಸುತ್ತಿದ ವೈರುಗಳ ಮೇಲೆಯೇ ಕಟ್ಟಿದ್ದಾರೆ. ಭಕ್ತಿಗೆ ಜಾಗದ ವಿವೇಚನೆ ಇರುವುದಿಲ್ಲ.

“ಯಾರೋ ದೊಡ್ಡವರು ಮಂತ್ರಿಸಿ ಕೊಟ್ಟಿರೋ ಯಂತ್ರ ಕಣೋ ಮುಕುಂದ. ಇರಲಿ ಬಿಡು” ಎಂದಳು ಅಮ್ಮ.

“ಅಮ್ಮಾ, ಗಾಡಿ ಓಡೋದು ಡೀಸೆಲಿಂದ.”

“ಡೀಸೆಲ್ ಹಾಕಬೇಡ ಅಂದ್ನೇನೋ ನಾನು?”

ಅಪ್ಪ ದೇವಸ್ಥಾನದ ಅರ್ಚಕರಾಗಿದ್ದವರು. ನಾನು ಕಾಲೇಜು ಸೇರಿದ ವರ್ಷವೇ ಸಂಧ್ಯಾವಂದನೆ ಬಿಟ್ಟು, ಈಗ ಇದೇ ಊರಿನ ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುವವನು. ಗಂಟನ್ನು ನೋಡಿ ನಕ್ಕು ಬಾನೆಟ್ ಮುಚ್ಚಿದೆ.

ಫೆಬ್ರವರಿ 15, ಶುಕ್ರವಾರ

ಊರಾಚೆಯ ನರಸಿಂಹತೀರ್ಥ ದಾಟಿದ ಮೇಲೆ ಟೊಮೆಟೊ ಲಾರಿಯೊಂದನ್ನು ಹಿಂದೆ ಹಾಕಲು ಆಕ್ಸಿಲರೇಟರ್ ಒತ್ತಿದೆ. ಗಾಡಿ ಹುಲಿಯ ಹಾಗೆ ಎಗರಿತು. ಲಾರಿಯ ಸಮಕ್ಕೆ ಬಂದಾಗ ಶಕ್ತಿಯೆಲ್ಲ ಒಮ್ಮೆಲೇ ಹೋಯಿತು. ಕಾಲು ಒತ್ತಿಯೇ ಇದೆ, ಗಾಡಿ ಮುಂದೆ ಹೋಗದು. ಎದುರಿಗೆ ಆಂಧ್ರದ ಬಸ್ಸು ಲೈಟು ಹಾಕಿಕೊಂಡು ಬರುತ್ತಿದೆ. ಬ್ರೇಕ್ ಹಾಕಿ ಹೇಗೋ ಲಾರಿಯ ಹಿಂದೆ ತೂರಿಕೊಂಡೆ.

“ಯಾಕೋ ನಿಧಾನ ಮಾಡ್ದೆ?” ಎಂದಳು ಹಿಂದೆ ಮಲಗಿದ್ದ ಅಮ್ಮ.

“ಬಸ್ ಬಂತಲ್ಲಮ್ಮಾ.”

ಇಂಜಿನ್ನಿನ ಹಳದಿ ದೀಪ ಹತ್ತಿತ್ತು. ಪಕ್ಕಕ್ಕೆ ಹಾಕಿ, ಆರಿಸಿ, ಮತ್ತೆ ಸ್ಟಾರ್ಟ್ ಮಾಡಿದರೆ ಏನೂ ಆಗದ ಹಾಗೆ ಓಡಿತು.

ಫೆಬ್ರವರಿ 18, ಸೋಮವಾರ

ನಂಗಲಿ ರಸ್ತೆಯ ಗ್ಯಾರೇಜಿನ ಮುನಿಶಾಮಿಗೆ ತೋರಿಸಿದೆ. ಡೀಸೆಲ್ ಫಿಲ್ಟರ್ ಬದಲಾಯಿಸಿದ, ಏರ್ ಫಿಲ್ಟರ್ ಊದಿ ಕ್ಲೀನ್ ಮಾಡಿದ. ಕೆಲಸದ ನಡುವೆ ಗಂಟು ಅಡ್ಡ ಬಂದು ಮೊಣಕೈಯಲ್ಲಿ ತಳ್ಳಿದವನು, ಆಮೇಲೆ ನಾಲಿಗೆ ಕಚ್ಚಿ ಗಲ್ಲ ಬಡಿದುಕೊಂಡ.

“ಮೊದಲೇ ಹೇಳೋದಲ್ವಾ ಸಾರ್, ದೇವರು ಐತೆ ಅಂತ!”

ದೇವರು ಇದ್ದರೆ ಅವನೇ ಹೇಳುತ್ತಿದ್ದ, ನಾನೇಕೆ ಹೇಳಬೇಕು ಎಂದು ತಮಾಷೆ ಮಾಡಿದೆ. ಅವನು ನಗಲಿಲ್ಲ.

ಫೆಬ್ರವರಿ 19, ಮಂಗಳವಾರ

ಇವತ್ತು ನಾವಿಬ್ಬರೂ ಹೋಗಿಬಿಡುತ್ತಿದ್ದೆವು.

ಕಿರಿದಾದ ಸೇತುವೆಯ ಮೇಲೆ ಗಾಡಿ ಪೂರ್ತಿ ಆಫ್ ಆಯಿತು. ಸ್ಟೇರಿಂಗ್ ಕಲ್ಲಾಯಿತು. ಹಿಂದೆ ಬರುತ್ತಿದ್ದ ಗ್ರಾನೈಟ್ ಲಾರಿ ಹಾರನ್ ಒತ್ತಿಕೊಂಡೇ ಬಂದು, ಅಮ್ಮನ ತಲೆಯ ಹಿಂದಿನ ಗಾಜಿಗೆ ಮೊಳ ದೂರದಲ್ಲಿ ನಿಂತಿತು. ಡ್ರೈವರು ಇಳಿದು ತೆಲುಗಿನಲ್ಲಿ ನನ್ನ ವಂಶವನ್ನೆಲ್ಲ ನೆನೆದು, ಆಮೇಲೆ ಅಮ್ಮನನ್ನು ನೋಡಿ ತಾನೇ ತಳ್ಳಿಕೊಟ್ಟ. ಬಹಳ ಹೊತ್ತು ಕೀಲಿ ತಿರುಗಿಸಿದ ಮೇಲೆ ಗಾಡಿಗೆ ಜೀವ ಬಂತು.

ಬಾನೆಟ್ ಎತ್ತಿದ್ದಾಗ ಅಮ್ಮ ಇಣುಕಿ ನೋಡಿದ್ದಳು. “ಗಂಟು ಓರೆಯಾಗಿದೆಯಲ್ಲೋ. ಮುನಿಶಾಮಿ ಮುಟ್ಟಿದ್ನಾ?” ಎಂದಳು. ನಾನು ಅವಳಿಗೆ ಹೇಳಿರಲಿಲ್ಲ.

ಫೆಬ್ರವರಿ 20, ಬುಧವಾರ

ಅಮ್ಮ ಗಂಟನ್ನು ನೆಟ್ಟಗೆ ಕೂರಿಸಿ, ಹೊಸ ದಾರ ಬಿಗಿಯಾಗಿ ಸುತ್ತಿ, ಕುಂಕುಮ ಇಟ್ಟಳು. ನಾನು ಕೀಲಿ ತಿರುಗಿಸಿದೆ. ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಊರ ಹೊರಗೆ ಹೋಗಿ ಬಂದೆ, ಒಂದು ಸಲವೂ ಮುಗ್ಗರಿಸಲಿಲ್ಲ.

ಎರಡು ಘಟನೆ ಒಂದರ ಹಿಂದೆ ಒಂದು ನಡೆದ ಮಾತ್ರಕ್ಕೆ ಮೊದಲನೆಯದು ಎರಡನೆಯದಕ್ಕೆ ಕಾರಣವಲ್ಲ ಎಂದು ನಾನೇ ಪಾಠ ಮಾಡುತ್ತೇನೆ. ಆದರೂ ಮುನಿಶಾಮಿಗೆ ಫೋನ್ ಮಾಡಿ, ಇನ್ನು ಆ ಕಡೆ ಕೈ ಹಾಕಬೇಡ ಎಂದೆ. ಸುಮ್ಮನೆ, ಎಚ್ಚರಿಕೆಗೆ.

ಮಾರ್ಚ್ 7, ಶುಕ್ರವಾರ

ಗಾಡಿ ಚೆನ್ನಾಗಿದೆ. ಗಂಟಿಗೆ ಹೂ ಇಡಬೇಕಂತೆ. ಅಮ್ಮನಿಗೆ ಪ್ರತಿ ಸಲ ಬಗ್ಗಲಾಗುವುದಿಲ್ಲ, ನಾನೇ ಇಟ್ಟೆ. ಅವಳ ಸಮಾಧಾನಕ್ಕೆ.

ಮಾರ್ಚ್ 25, ಮಂಗಳವಾರ

ಮತ್ತೆ ಶುರುವಾಯಿತು. ದಿಬ್ಬ ಹತ್ತುವಾಗ ಹಿಂದೆ ಹಂಡೆ ಒಲೆಯ ಹಾಗೆ ಕಪ್ಪು ಹೊಗೆ. ಇಂಜಿನ್ನಿನೊಳಗೆ ಒರಳಿಗೆ ಕಲ್ಲು ಹಾಕಿ ಕುಟ್ಟಿದಂತೆ ಟಕಟಕ ಶಬ್ದ. ಮೆಲ್ಲಗೆ ಒತ್ತಿದರೆ ಹೋಗುತ್ತದೆ, ಜೋರಾಗಿ ಒತ್ತಿದರೆ ಹಳದಿ ದೀಪ ಹತ್ತಿ ಶಕ್ತಿ ಹೋಗುತ್ತದೆ. ಎತ್ತಿನ ಗಾಡಿಯ ವೇಗದಲ್ಲಿ ಕೋಲಾರ ಮುಟ್ಟಿದೆ. ಹಿಂದಿನಿಂದ ಬರುವ ಒಂದೊಂದು ಲಾರಿಯೂ ಕನ್ನಡಿಯಲ್ಲಿ ದೊಡ್ಡದಾಗುತ್ತಾ ಬರುವಾಗ ಗಾಡಿಯನ್ನು ರಸ್ತೆಯ ಅಂಚಿಗೆ ಸರಿಸುತ್ತಿದ್ದೆ.

ಇವತ್ತು ಬೆಳಿಗ್ಗೆ ಹೂ ಇಡುವುದನ್ನು ಮರೆತಿದ್ದೆ. ಅಮ್ಮನೂ ನೆನಪಿಸಲಿಲ್ಲ.

ಮಾರ್ಚ್ 29, ಶನಿವಾರ

ಕೋಲಾರದಲ್ಲಿ ಕಂಪ್ಯೂಟರ್ ಇಟ್ಟು ನೋಡುವ ನರಸಿಂಹಪ್ಪ ಎಂಬವರ ಹತ್ತಿರ ಹೋದೆ. ವೈರು ಸಿಕ್ಕಿಸಿ, ಪರದೆ ನೋಡಿ ತಲೆ ಕೆರೆದುಕೊಂಡರು.

“ಡೀಸೆಲ್ ಪ್ರೆಶರ್ ಲೆಕ್ಕ ತಾಳೆ ಆಗ್ತಿಲ್ಲ ಸಾರ್. ಸೆನ್ಸರ್ ಕೆಟ್ಟಿರಬೇಕು, ಇಲ್ಲಾ ವೈರು. ವೈರು ನೋಡಿ, ಈ ಗಂಟೊಳಗೆ ಹೋಗಿ ಆಚೆ ಬಂದೈತೆ. ಬಿಚ್ಚಲಾ?”

“ಬೇಡ!” ಎಂದೆ. ಎಷ್ಟು ಜೋರಾಗಿ ಅಂದೆನೋ, ಪಕ್ಕದ ಗಾಡಿಯ ಕೆಳಗೆ ಮಲಗಿದ್ದವನೂ ತಲೆ ಹೊರಗೆ ಹಾಕಿದ. ನೋಡಿದರೆ ನನ್ನ ಕೈ ನರಸಿಂಹಪ್ಪನವರ ಮಣಿಕಟ್ಟನ್ನು ಹಿಡಿದಿತ್ತು.

“ಆಯ್ತು ಸಾರ್, ನಿಮ್ಮ ನಂಬಿಕೆ” ಎಂದು ಅವರು ಹೊಸ ಸೆನ್ಸರ್ ಹಾಕಿಕೊಟ್ಟರು. ನಂಬಿಕೆಯ ಪ್ರಶ್ನೆಯಲ್ಲ ಇದು. ಒಮ್ಮೆ ಮುಟ್ಟಿದ್ದಕ್ಕೆ ಏನಾಯಿತೆಂದು ಕಣ್ಣಾರೆ ಕಂಡಿದ್ದೇನೆ. ಪ್ರಯೋಗ ಮಾಡಲು ಇದು ಲ್ಯಾಬ್ ಅಲ್ಲ. ಹಿಂದಿನ ಸೀಟಿನಲ್ಲಿ ಮಲಗುವವಳು ನನ್ನ ತಾಯಿ.

ಏಪ್ರಿಲ್ 4, ಶುಕ್ರವಾರ

ಹೊಸ ಸೆನ್ಸರಿನಿಂದ ಏನೂ ಪ್ರಯೋಜನವಾಗಲಿಲ್ಲ. ಅದೇ ಹೊಗೆ, ಅದೇ ಕುಟ್ಟಾಣಿ. ಅಮ್ಮನಿಗೆ ಗೊತ್ತಾಗಬಾರದೆಂದು ರೇಡಿಯೋ ಜೋರಾಗಿ ಹಾಕಿದ್ದೆ.

ಏಪ್ರಿಲ್ 13, ಭಾನುವಾರ

ಬಸ್ಸಿನಲ್ಲಿ ಗೌನಿಪಲ್ಲಿಗೆ ಹೋಗಿ ಬಂದೆ. ಮರಗಳ ತುಂಬ ಕಾಯಿ ಜೋತುಬಿದ್ದಿದೆ. ಚನ್ನರಾಯಪ್ಪನವರು ಕೊಟ್ಟಿಗೆಯ ಮುಂದೆ ಕೂತಿದ್ದರು. ಗಾಡಿ ಕೆಟ್ಟಿತೆಂದು ಜಗಳಕ್ಕೆ ಬಂದೆನೆಂದುಕೊಂಡು ಮೊದಲು ಮುಖ ಗಂಟು ಹಾಕಿದರು. ಬಾನೆಟ್ಟಿನೊಳಗಿನ ದೇವರ ವಿಷಯ ಕೇಳಲು ಬಂದೆ ಎಂದಾಗ ಎದ್ದು ನಿಂತು ಜಾಗ ಕೊಟ್ಟರು.

“ಅದಾ ಸ್ವಾಮಿ? ನಮ್ಮ ಹುಡುಗ ವೆಂಕಟ್ ತಂದು ಕಟ್ಟಿದ್ದು. ಬೆಂಗಳೂರಾಗೆ ಯಾರೋ ಪೆದ್ದ ಸ್ವಾಮುಲು, ದೊಡ್ಡ ಸ್ವಾಮಿಗಳು, ಕೊಟ್ಟವ್ರೆ, ಅದು ಇರೋವರ್ಗೂ ಗಾಡಿನ ಯಾರೂ ಹಿಂದಾಕಕ್ಕಾಗಲ್ಲ, ಮುಟ್ಟಬ್ಯಾಡ ನಾಯ್ನಾ ಅಂದ. ನಿಜವಾಗ್ಲೂ ಹಂಗೇ ಹೋಗ್ತಿತ್ತು ಸ್ವಾಮಿ! ನಾನು ಶುಕ್ರವಾರ ಶುಕ್ರವಾರ ಊದುಬತ್ತಿ ಹಚ್ತಿದ್ದೆ.”

ಅವರ ಹೆಂಡತಿ ಭಾರತಮ್ಮ ಮಜ್ಜಿಗೆ ತಂದುಕೊಟ್ಟು, “ಮೈಲಿಗೆ ಏನಾನ ಆಗಿರ್ತೈತೆ ಸ್ವಾಮಿ. ಆಸ್ಪತ್ರೆಗೆ ಹೋಗೋ ಗಾಡಿ ಅಲ್ವಾ” ಎಂದರು. ಮಗ ವೆಂಕಟ್ ಶ್ರೀನಿವಾಸಪುರದ ಮಂಡಿಗೆ ಹೋಗಿದ್ದ. ಸಿಗಲಿಲ್ಲ.

ಮೈಲಿಗೆ. ಹೌದಲ್ಲ, ರಕ್ತ ಶುದ್ಧಿ ಮಾಡಿಸಿಕೊಂಡು ಸೂಜಿಯ ಗಾಯದೊಡನೆ ಅಮ್ಮ ಇದೇ ಗಾಡಿಯಲ್ಲಿ ಬರುತ್ತಾಳೆ. ಇದು ನನಗೆ ಮೊದಲೇ ಹೊಳೆಯಬೇಕಿತ್ತು.

ಏಪ್ರಿಲ್ 18, ಶುಕ್ರವಾರ

ಗಾಲಿಗಳಿಗೆ ನಿಂಬೆಹಣ್ಣು. ಗಂಟಿನೊಳಗಿನ ಅವರಿಗೆ ಹೂ, ಊದುಬತ್ತಿ. ಹೊರಡುವ ಮುಂಚೆ ಮೂರು ಪ್ರದಕ್ಷಿಣೆ. ಎದುರುಮನೆಯ ಶಾಮಲಮ್ಮ ಕಾಂಪೌಂಡಿನಿಂದ ನೋಡುತ್ತಿದ್ದರು. ನೋಡಲಿ.

ಹೋಗುವಾಗ ಒಂದು ಸಲ ಮಾತ್ರ ನಿಂತಿತು. ಮನಸ್ಸಿನಲ್ಲೇ ಕೇಳಿಕೊಂಡೆ. ಹೊರಟಿತು.

ಏಪ್ರಿಲ್ 25, ಶುಕ್ರವಾರ

ನರಸಿಂಹತೀರ್ಥವನ್ನೂ ದಾಟಲಿಲ್ಲ. ಮೂರು ಸಲ ನಿಂತಿತು. ಹೇಗೋ ಮನೆಗೆ ವಾಪಸ್ ತಂದೆ. ಬೇರೆ ಗಾಡಿ ಸಿಗುವಷ್ಟರಲ್ಲಿ ಆಸ್ಪತ್ರೆಯ ಸಮಯ ಮೀರಿತ್ತು. ಫೋನ್ ಮಾಡಿದರೆ ಮಂಗಳವಾರದವರೆಗೆ ಮೆಷಿನ್ ಖಾಲಿಯಿಲ್ಲ ಅಂದರು. ನೀರು ಕಡಿಮೆ ಕುಡಿಸಿ, ಉಸಿರು ಹೆಚ್ಚಾದರೆ ತಕ್ಷಣ ಕರೆತನ್ನಿ ಅಂದರು.

ತಕ್ಷಣ. ಯಾವುದರಲ್ಲಿ?

ಏಪ್ರಿಲ್ 28, ಸೋಮವಾರ

ಅಮ್ಮನ ಪಾದ ಊದಿದೆ. ಬೆರಳಿಟ್ಟರೆ ಗುಳಿ ಬಿದ್ದು ಹಾಗೇ ಉಳಿಯುತ್ತದೆ. ಮಲಗಿದರೆ ಉಸಿರು ಕಟ್ಟುತ್ತದೆಂದು ಗೋಡೆಗೆ ಒರಗಿ ಕೂತಿದ್ದಾಳೆ.

ಸಂಜೆ ಸ್ನಾನ ಮಾಡಿ ಗಾಡಿಯನ್ನೆಲ್ಲ ತೊಳೆದು, ಅವರ ಮೇಲೆ ಗೋಮೂತ್ರ ಚಿಮುಕಿಸಿ, ತೆಂಗಿನಕಾಯಿ ಒಡೆದೆ. ಅಪ್ಪನ ಮಂತ್ರಗಳು ಅರ್ಧ ಮರೆತುಹೋಗಿವೆ, ನೆನಪಿದ್ದಷ್ಟು ಹೇಳಿದೆ. ಆಮೇಲೆ ಸ್ಟಾರ್ಟ್ ಮಾಡಿದರೆ ಎಷ್ಟು ಹಿತವಾದ ಶಬ್ದ! ಕಣ್ಣಲ್ಲಿ ನೀರು ಬಂತು. ನಾಳೆಗೆಂದು ಹೇಳಿಟ್ಟಿದ್ದ ಬಾಡಿಗೆ ಕಾರನ್ನು ಬೇಡವೆಂದು ಹೇಳಿಬಿಟ್ಟೆ. ಇಷ್ಟೆಲ್ಲ ಮಾಡಿದ ಮೇಲೆ ಬೇರೆ ಗಾಡಿ ಹತ್ತಿದರೆ ಅವರಿಗೆ ಬೇಸರವಾದೀತು.

ಏಪ್ರಿಲ್ 29, ಮಂಗಳವಾರ

ಆಸ್ಪತ್ರೆಯ ವರಾಂಡದಲ್ಲಿ ಕೂತು ಬರೆಯುತ್ತಿದ್ದೇನೆ. ಅಮ್ಮ ಒಳಗೆ ಮೆಷಿನ್ನಿನ ಪಕ್ಕದಲ್ಲಿದ್ದಾಳೆ.

ಅರ್ಧ ದಾರಿಯಲ್ಲಿ, ಸುತ್ತ ಒಂದು ಮನೆಯೂ ಇಲ್ಲದ ಕಡೆ ಗಾಡಿ ಸತ್ತಿತು. ಎಷ್ಟು ಕೀಲಿ ತಿರುಗಿಸಿದರೂ ಇಲ್ಲ. ಹೋಗುವ ಕಾರುಗಳಿಗೆ ಕೈ ಅಡ್ಡ ಹಿಡಿದೆ, ಯಾರೂ ನಿಲ್ಲಿಸಲಿಲ್ಲ. ಅಮ್ಮ ಹಿಂದಿನ ಸೀಟಿನಲ್ಲಿ ನೆಟ್ಟಗೆ ಕೂತು, ಮುಂದಿನ ಸೀಟನ್ನು ಹಿಡಿದು, ಬಾಯಿ ತೆರೆದು ಉಸಿರೆಳೆಯುತ್ತಿದ್ದಳು. ಎದೆಯೊಳಗೆ ಗೊರಗೊರ ಸದ್ದು ನನಗೇ ಕೇಳುತ್ತಿತ್ತು. ಬಾನೆಟ್ ಎತ್ತಿದೆ. ಬೇರೇನು ಮಾಡಬೇಕೆಂದು ಹೊಳೆಯಲಿಲ್ಲ, ಕೈ ಮುಗಿದು ನಿಂತೆ.

ಬಾಗಿಲು ತೆರೆದ ಶಬ್ದ. ಅಮ್ಮ ಗಾಡಿಯನ್ನು ಹಿಡಿದುಕೊಂಡು ಒಂದೊಂದೇ ಹೆಜ್ಜೆ ಇಡುತ್ತಾ ಮುಂದೆ ಬಂದಳು.

“ಏನೋ... ಅದು?”

“ತಪ್ಪಾಯ್ತು ಅಂತ ಕೇಳ್ಕೋತಿದ್ದೀನಮ್ಮಾ. ನೀನ್ಯಾಕೆ ಇಳಿದೆ?”

“ಯಾರನ್ನ?”

ಗಂಟನ್ನು ತೋರಿಸಿದೆ. ಅವಳು ಅದನ್ನು ನೋಡಿದಳು, ನನ್ನನ್ನು ನೋಡಿದಳು.

“ಬಿಚ್ಚೋ ಅದನ್ನ.”

“ಬೇಡಮ್ಮಾ. ಅವರಿಗೆ ಸಿಟ್ಟು ಬಂದರೆ ನೀನು...”

“ನಾನು ಸತ್ತುಹೋಗ್ತೀನಿ ಅಂತ ತಾನೇ? ಬಾಯಿ ಬಿಟ್ಟು ಹೇಳೋ.”

ಅವಳು ಬ್ಯಾಟರಿಯ ಪಕ್ಕ ಕೈಯೂರಿ, ಮಾತಿಗೊಂದು ಉಸಿರು ತೆಗೆದುಕೊಂಡು ಹೇಳಿದಳು. “ನಿಮ್ಮಪ್ಪ ದಿನಾ ಬೆಳಿಗ್ಗೆ ಗರ್ಭಗುಡಿಗೆ ಹೋಗಿ ಮೊದಲು ಏನು ಮಾಡ್ತಿದ್ರು? ನಿನ್ನೆ ಹೂ ತೆಗೀತಿದ್ರು. ನಿನ್ನೆ ವಸ್ತ್ರ ಬಿಚ್ತಿದ್ರು. ನಿರ್ಮಾಲ್ಯ ತೆಗೀದೆ ಪೂಜೆ ಎಲ್ಲಿದೆಯೋ? ದೇವರಾದ್ರೆ ಬಿಚ್ಚಿಸಿಕೊಂಡು ಅಭ್ಯಾಸ ಇರತ್ತೆ. ದೇವರಲ್ಲ ಅಂದ್ರೆ ನಮಗೇನು ಭಯ?”

ಅವಳ ಎಡಗೈ ಡಯಾಲಿಸಿಸ್ ಸೂಜಿ ಚುಚ್ಚುವ ಕೈ, ಅದಕ್ಕೆ ಭಾರ ಬೀಳಬಾರದು. ಬಲಗೈ ಒಂದರಲ್ಲೇ ದಾರ ಎಳೆಯತೊಡಗಿದಳು. ಅವಳೇ ಬಿಗಿದ ಗಂಟು, ಬರಲಿಲ್ಲ. “ಬಿಚ್ಚೋ” ಎಂದಳು ಮತ್ತೆ, ಚಿಕ್ಕಂದಿನಲ್ಲಿ ಶೂ ಲೇಸ್ ಬಿಚ್ಚಲು ಹೇಳುತ್ತಿದ್ದ ದನಿಯಲ್ಲಿ. ಕಣ್ಣು ಮುಚ್ಚಿಕೊಂಡು ದಾರ ಹರಿದೆ. ಸಿಡಿಲು ಬೀಳಲಿಲ್ಲ.

ಒಳಗೆ ಒಂದು ಕಪ್ಪು ಪ್ಲಾಸ್ಟಿಕ್ ಡಬ್ಬಿ. ಮೇಲೆ ಇಂಗ್ಲಿಷಿನಲ್ಲಿ ‘ಪವರ್’ ಎಂದು ಬೆಂಕಿಯ ಚಿತ್ರದೊಡನೆ ಅಚ್ಚಾಗಿದೆ. ಒಂದು ಮೂಲೆ ಕಾವಿಗೆ ಕರಗಿದೆ. ಸೆನ್ಸರಿನಿಂದ ಬಂದ ವೈರು ಡಬ್ಬಿಯೊಳಗೆ ಹೋಗುತ್ತದೆ, ಇನ್ನೊಂದು ವೈರು ಹೊರಬಂದು ಇಂಜಿನ್ನಿನ ಕಂಪ್ಯೂಟರ್ ಕಡೆಗೆ ಹೋಗುತ್ತದೆ. ಒಂದೇ ನೋಟಕ್ಕೆ ತಿಳಿಯಿತು. ಇದು ನಡುವೆ ಕೂತು ಸುಳ್ಳು ಹೇಳುತ್ತಿತ್ತು. ಇರುವ ಒತ್ತಡವನ್ನು ಕಡಿಮೆಯೆಂದು ತೋರಿಸಿ, ಇನ್ನಷ್ಟು ಡೀಸೆಲ್ ತಳ್ಳಿಸಿ, ಇಂಜಿನ್ನನ್ನು ಮಿತಿ ಮೀರಿ ಓಡಿಸುತ್ತಿತ್ತು. ಮಿತಿ ದಾಟಿದಾಗ ಕಂಪ್ಯೂಟರ್ ಶಕ್ತಿ ಕತ್ತರಿಸುತ್ತಿತ್ತು, ಡಬ್ಬಿ ಕರಗತೊಡಗಿದ ಮೇಲೆ ಗಾಡಿಯೇ ನಿಲ್ಲುತ್ತಿತ್ತು. ಮುನಿಶಾಮಿಯ ಮೊಣಕೈ ತಗುಲಿ ಪ್ಲಗ್ ಸಡಿಲವಾಗಿತ್ತು. ಅಮ್ಮ ಬಿಗಿದು ಕಟ್ಟಿದಾಗ ಮತ್ತೆ ಕೂತಿತ್ತು. ಅಷ್ಟೇ.

ಎರಡೂ ಪ್ಲಗ್ಗುಗಳನ್ನು ಡಬ್ಬಿಯಿಂದ ಕಿತ್ತು ಒಂದಕ್ಕೊಂದು ಸೇರಿಸಿದೆ. ಟಕ್ ಎಂದು ಕೂತವು. ಕೀಲಿ ತಿರುಗಿಸಿದೆ. ಗಾಡಿ ಸ್ಟಾರ್ಟ್ ಆಯಿತು.

ಅಮ್ಮನನ್ನು ಎತ್ತಿ ಸೀಟಿನಲ್ಲಿ ಕೂರಿಸಿ ಹೊರಟೆ. ಮೊದಲಿನ ಎಗರಾಟವಿಲ್ಲ. ನಿಧಾನ, ಆದರೆ ನಿಲ್ಲಲಿಲ್ಲ. ದಾರಿಯುದ್ದಕ್ಕೂ ಹಿಂದಿನ ಉಸಿರಿನ ಸದ್ದನ್ನೇ ಕೇಳುತ್ತಿದ್ದೆ. ಅಮ್ಮ ಸಾಯುತ್ತಾಳೆ ಎಂದು ಹೆದರಿದ್ದೇನೆ. ಫೆಬ್ರವರಿಯಿಂದ ಇದೊಂದೇ ಹೆದರಿಕೆ. ಡಾಕ್ಟರು ಇನ್ನೊಂದು ಗಂಟೆ ತಡವಾಗಿದ್ದರೆ ಎಂದು ಶುರು ಮಾಡಿ ನನ್ನ ಮುಖ ನೋಡಿ ನಿಲ್ಲಿಸಿದರು.

ಏಪ್ರಿಲ್ 30, ಬುಧವಾರ

ಅಮ್ಮ ಮನೆಯಲ್ಲಿ ಚಪ್ಪಟೆಯಾಗಿ ಮಲಗಿ ನಿದ್ದೆ ಮಾಡಿದಳು. ಎದ್ದ ಮೇಲೆ ಕೇಳಿದೆ, ಅದು ದೇವರಲ್ಲವೆಂದು ಯಾವಾಗ ಅನ್ನಿಸಿತು ಎಂದು.

“ಬಹಳ ದಿನ ಆಯ್ತು ಕಣೋ. ಇಂಜಿನ್ ಕುಟ್ಟಕ್ಕೆ ಶುರು ಮಾಡಿದಾಗಲೇ. ದೇವರು ಯಾಕೆ ಕುಟ್ಟಾಣಿ ಕುಟ್ತಾನೆ?”

“ಮತ್ತೆ ಹೇಳಲಿಲ್ಲ ಯಾಕೆ?”

“ನೀನು ಇಷ್ಟು ವರ್ಷದ ಮೇಲೆ ಸ್ನಾನ ಮಾಡಿ ಹೂ ಇಡ್ತಿದ್ದೆ. ನಿಮ್ಮಪ್ಪನ ಥರಾನೇ ಕಾಣ್ತಿದ್ದೆ. ಬೇಡ ಅನ್ನೋಕೆ ಮನಸ್ಸು ಬರಲಿಲ್ಲ.”

ಅವಳಿಗೆ ವಯಸ್ಸಾಗಿದೆ, ಏನೇನೋ ಕಲ್ಪಿಸಿಕೊಳ್ಳುತ್ತಾಳೆ. ಹೂ ಇಟ್ಟದ್ದೆಲ್ಲ ಅವಳ ಸಮಾಧಾನಕ್ಕೆ.

ಮೇ 11, ಭಾನುವಾರ

ಗೌನಿಪಲ್ಲಿಯ ವೆಂಕಟ್ ಒಂದು ಬುಟ್ಟಿ ಬಾದಾಮಿ ಮಾವು ಹೊತ್ತುಕೊಂಡು ಬಂದ. ನಾನು ಫೋನಿನಲ್ಲಿ ಬೈದದ್ದು ಬುಟ್ಟಿಯ ರೂಪ ತಾಳಿತ್ತು.

“ಪಿಕಪ್ ಜಾಸ್ತಿ ಆಗ್ಲಿ ಅಂತ ಬೆಂಗಳೂರಾಗೆ ಚಿಪ್ ಹಾಕಿಸ್ದೆ ಸಾರ್. ನಾಯ್ನ ಬಾನೆಟ್ ಎತ್ತಿದ್ರೆ ಕಿತ್ತು ಬಿಸಾಕ್ತಾರೆ. ಅದಕ್ಕೇ ಬಟ್ಟೆ ಸುತ್ತಿ ದೇವರು ಅಂದೆ. ಮಾರೋವಾಗ ತೆಗೀಬೇಕಿತ್ತು. ನಾಯ್ನ ಪಕ್ಕದಲ್ಲೇ ನಿಂತಿದ್ರು, ಹೆಂಗೆ ತೆಗೀಲಿ ಸಾರ್? ಎರಡು ವರ್ಷ ಊದುಬತ್ತಿ ಹಚ್ಚವ್ರೆ!”

“ಈಗಲಾದ್ರೂ ಹೇಳಿದ್ಯಾ ಅವರಿಗೆ?”

“ಇಲ್ಲ ಸಾರ್. ಭಯ.”

ಅವನನ್ನು ಹೊಡೆಯಬೇಕೆಂದು ಕಾದಿದ್ದೆ. ಕೈ ಏಳಲಿಲ್ಲ. ಕಿಡ್ನಿಯ ಪಥ್ಯದಲ್ಲಿ ಅಮ್ಮನಿಗೆ ಮಾವಿನಹಣ್ಣು ನಿಷಿದ್ಧ. ವೆಂಕಟ್‌ನ ಕೈಯಲ್ಲೇ ಎದುರುಮನೆಯ ಶಾಮಲಮ್ಮನಿಗೆ ಬುಟ್ಟಿ ಕಳಿಸಿದೆ.

ಮೇ 13, ಮಂಗಳವಾರ

ಬೆಳಿಗ್ಗೆ ಹೊರಡುವ ಮುಂಚೆ ಬಾನೆಟ್ ಎತ್ತಿದೆ. ಬ್ಯಾಟರಿಯ ಪಕ್ಕದ ಜಾಗ ಖಾಲಿ.

“ಏನೋ ನೋಡ್ತಿದ್ದೀಯ ಅಷ್ಟು ಹೊತ್ತು?” ಎಂದಳು ಅಮ್ಮ.

“ಆಯಿಲ್.”

ಅವಳು ಆ ಕೆಂಪು ಬಟ್ಟೆಯನ್ನು ಒಗೆದು, ಒಣಗಿಸಿ, ಮಡಿಸಿ ಇಟ್ಟಿದ್ದಳು. “ಇದರಲ್ಲಿ ಆಯಿಲ್ ಕಡ್ಡಿ ಒರೆಸ್ಕೋ, ಬಟ್ಟೆ ಗಟ್ಟಿಯಾಗಿದೆ” ಎಂದು ಕೈಗೆ ಕೊಟ್ಟಳು. ನಾನು ಹಳೆಯ ಪೇಪರಿನಲ್ಲಿ ಒರೆಸಿದೆ. ಒಗೆದ ಬಟ್ಟೆಗೆ ಸುಮ್ಮನೆ ಮಸಿ ಯಾಕೆ? ಮಡಿಸಿ ಶರ್ಟಿನ ಜೇಬಿನಲ್ಲಿಟ್ಟುಕೊಂಡೆ.

ದಾರಿಯಲ್ಲಿ ಮತ್ತೆ ಟೊಮೆಟೊ ಲಾರಿ. ಅದರ ಹಿಂದೆಯೇ ಹೋಗುತ್ತಿದ್ದೆ. “ದಾಟೋ ಅದನ್ನ, ಕೊಳೆತ ವಾಸನೆ” ಎಂದಳು ಅಮ್ಮ. ರಸ್ತೆ ಬಹಳ ದೂರದವರೆಗೆ ಖಾಲಿಯಾಗುವುದನ್ನು ಕಾದು ಒತ್ತಿದೆ. ಗಾಡಿ ಎಗರಲಿಲ್ಲ, ನಿಲ್ಲಲೂ ಇಲ್ಲ. ತನ್ನ ಪಾಡಿಗೆ ತಾನು ಲಾರಿಯನ್ನು ದಾಟಿ ಎಡಕ್ಕೆ ಬಂತು.

ದಾಟುವಾಗ ನನ್ನ ಎಡಗೈ ಗೇರಿನ ಮೇಲಿರಲಿಲ್ಲ, ಜೇಬಿನ ಮೇಲಿತ್ತು ಎನ್ನುತ್ತಾಳೆ ಅಮ್ಮ. ಹಿಂದೆ ಮಲಗಿದ್ದವಳಿಗೆ ಅದು ಹೇಗೆ ಕಂಡೀತು?